ಥೇಮ್ಸ್ ದಂಡೆಯ ಚರ್ಚ್ ಅಂಗಳದಲ್ಲಿ ಹಡಗುಗಳ ಚರಿತ್ರೆಯನ್ನು ಓದುವುದು ಹೇಗೆ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಗಿರುವ ರಾದರ್‌ಹೈದ್ ಮತ್ತು ಡೆಪ್ಟ್‌ಫರ್ಡ್‌ಗಳಲ್ಲಿ ಒಂದು ಕಾಲಕ್ಕೆ ಮರದ ಹಡಗುಗಳನ್ನು ಕಟ್ಟುತ್ತಿದ್ದರು. ಎಂಟನೇ ಹೆನ್ರಿಯು 1513ರಲ್ಲಿ ಡೆಪ್ಟ್‌ಫರ್ಡ್‌ನಲ್ಲಿ ಸ್ಥಾಪಿಸಿದ ಹಡಗುಕಟ್ಟೆ 1869ರಲ್ಲಿ ಮುಚ್ಚಿತು. ಈ ಊರುಗಳ ಚರಿತ್ರೆಯನ್ನು ಅರಸುವವರು ಚರ್ಚಿನ ಅಂಗಳದಿಂದಲೇ ಆರಂಭಿಸುವುದು ಲೇಸು. ಬಡಗಿ, ನಾವಿಕ, ಕಪ್ತಾನರು ಕೊನೆಗೆ ಬಂದು ಸೇರಿದ್ದು ಅಲ್ಲಿಗೇ.

ಗೋರಿಕಲ್ಲುಗಳನ್ನು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಮೋಡ ಮುಸುಕಿದ್ದರೆ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿಯಿರಿ. ಸೀಮೆಸುಣ್ಣ ಬಳಿಯುವುದಾಗಲಿ ಬ್ರಷ್‌ನಿಂದ ಉಜ್ಜುವುದಾಗಲಿ ಕೂಡದು, ಏಕೆಂದರೆ ಹಳೆಯ ಕಲ್ಲಿನ ಮೇಲ್ಪದರ ಸುಲಭವಾಗಿ ಕಳಚಿಬರುತ್ತದೆ. ಹೆಸರು, ಕಸುಬು, ವರ್ಷಗಳನ್ನು ಇದ್ದ ಕಾಗುಣಿತದಲ್ಲೇ ಬರೆದುಕೊಳ್ಳಿ. ಚಿಹ್ನೆಗಳ ವಿಷಯದಲ್ಲಿ ಆತುರ ಬೇಡ: ಡೆಪ್ಟ್‌ಫರ್ಡ್‌ನ ಸೇಂಟ್ ನಿಕೊಲಸ್ ಚರ್ಚಿನ ಬಾಗಿಲಗಂಬಗಳ ಮೇಲಿನ ತಲೆಬುರುಡೆಗಳೇ ಕಡಲ್ಗಳ್ಳರ ಬಾವುಟಕ್ಕೆ ಮೂಲವೆಂದು ಸ್ಥಳೀಯರು ಹೇಳುವುದುಂಟು, ಆದರೆ ಸಾವನ್ನು ನೆನಪಿಸುವ ಆ ಗುರುತು ಆ ಕಾಲದ ಗೋರಿಗಳಲ್ಲಿ ಸರ್ವೇಸಾಮಾನ್ಯ.

ಬಳಿಕ ಕಲ್ಲಿನ ಬರಹವನ್ನು ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ದಾಖಲೆಯೊಂದಿಗೆ ಹೋಲಿಸಬೇಕು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವ ಪದ್ಧತಿ ಇಂಗ್ಲೆಂಡಿನಲ್ಲಿ 1538ರಲ್ಲಿ ಆರಂಭವಾಯಿತು. ಲಂಡನ್ನಿನ ಬಹುತೇಕ ಪುಸ್ತಕಗಳು ಈಗ ನಗರದ ದಾಖಲೆಗಾರದಲ್ಲಿವೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ, ಜನವರಿ, ಫೆಬ್ರುವರಿ ಮತ್ತು ಮಾರ್ಚ್ 24ರವರೆಗಿನ ದಿನಗಳು ಹಿಂದಿನ ವರ್ಷದ ಲೆಕ್ಕಕ್ಕೇ ಸೇರುತ್ತಿದ್ದವು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಮೇಫ್ಲವರ್ ಹಡಗಿನ ಕಪ್ತಾನ ಕ್ರಿಸ್ಟೋಫರ್ ಜೋನ್ಸ್‌ನನ್ನು ರಾದರ್‌ಹೈದ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಹೂಳಿದ್ದು ನಮ್ಮ ಲೆಕ್ಕದಲ್ಲಿ 1622ರ ಮಾರ್ಚ್‌ನಲ್ಲಿ. ಅಂದಿನ ಲೆಕ್ಕದಲ್ಲಿ ಅದು ಇನ್ನೂ 1621. ಎರಡನ್ನೂ ಗುರುತು ಮಾಡಿಕೊಳ್ಳಿ. ಆತನ ಗೋರಿಗಾಗಿ ಹುಡುಕಬೇಡಿ: 1714–15ರಲ್ಲಿ ಚರ್ಚನ್ನು ಹೊಸದಾಗಿ ಕಟ್ಟಿದ್ದಾರೆ, ಈಗಿರುವುದು ಬಹು ಕಾಲದ ನಂತರದ ಸ್ಮಾರಕ.

ಒಳಗೆ ಹೋದ ಮೇಲೆ ಮರಗೆಲಸವನ್ನು ನೋಡಿ. 1805ರ ಟ್ರಫಾಲ್ಗರ್ ನೌಕಾಕದನದಲ್ಲಿ ಹೋರಾಡಿದ ಬ್ರಿಟನ್ನಿನ ಟೆಮರೇರ್ ಯುದ್ಧನೌಕೆಯನ್ನು 1838ರಲ್ಲಿ ರಾದರ್‌ಹೈದ್‌ಗೆ ಎಳೆದು ತಂದು ಒಡೆದರು. ಅದರ ಓಕ್ ಮರದಿಂದ ಮಾಡಿದ ಪೂಜಾಮೇಜು ಮತ್ತು ಎರಡು ಕುರ್ಚಿಗಳು ಸೇಂಟ್ ಮೇರಿಯಲ್ಲಿವೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲೆಲ್ಲ ‘ಈ ತೊಲೆಗಳು ಹಡಗಿನವು’ ಎಂಬ ಮಾತು ಕೇಳಿಬರುತ್ತದೆ, ಆದರೆ ಅದರಲ್ಲಿ ಬಹುಪಾಲನ್ನು ನಂಬಲಾಗದು. ತೊಲೆಯಲ್ಲಿ ಬೇರೆ ಮರವನ್ನು ಜೋಡಿಸಲು ಕೊರೆದು ಈಗ ಖಾಲಿ ಉಳಿದ ಗುಳಿಗಳು ಕಂಡರೆ ಅದು ಬೇರೊಂದು ಕಟ್ಟಡದಿಂದ ತಂದು ಮತ್ತೆ ಬಳಸಿದ ಮರವಾಗಿರುವ ಸಾಧ್ಯತೆಯೇ ಹೆಚ್ಚು. ಊರು ಸಮುದ್ರದಿಂದಲೂ ನದಿಯಿಂದಲೂ ದೂರವಿದ್ದರೆ ಅನುಮಾನ ಇನ್ನೂ ಬಲವಾಗಬೇಕು. ಹ್ಯಾಂಪ್‌ಷೈರಿನ ವಿಕ್ಕಮ್‌ನಲ್ಲಿ 1820ರಲ್ಲಿ ಕಟ್ಟಿದ ಹಿಟ್ಟಿನ ಗಿರಣಿ ನಿಜವಾದ ಅಪವಾದ: 1813ರಲ್ಲಿ ಸೆರೆಸಿಕ್ಕ ಅಮೆರಿಕದ ಚೆಸಪೀಕ್ ಯುದ್ಧನೌಕೆಯ ಮರಗಳೇ ಅದರ ತೊಲೆಗಳಾಗಿವೆ.

ಕಡೆಯಲ್ಲಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಳೆಯ ಸರ್ವೆ ನಕ್ಷೆಗಳನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟು ಕಟ್ಟೆಗಳ ಜಾಗವನ್ನು ಗುರುತಿಸಿ. ಗೋರಿಯ ಮೇಲಿನ ಹೆಸರು ಹಡಗು ಬಡಗಿಯದ್ದಾಗಿದ್ದು ಆತ 1858ಕ್ಕೆ ಮೊದಲೇ ತೀರಿಕೊಂಡಿದ್ದರೆ, ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಆತನ ಉಯಿಲನ್ನು ಹುಡುಕಿ ನೋಡಿ.