ವಾರ್ಡಿಗೆ ಲೆಕ್ಕ ಒಪ್ಪಿಸುವುದು ಹೇಗೆ?

ಗ್ರಾಮ ಪಂಚಾಯಿತಿ ಸದಸ್ಯೆಯಾದ ಮೊದಲ ವರ್ಷ ನಾನು ವಾರ್ಡ್ ಸಭೆಗೆ ಎರಡು ಪುಟದ ವರದಿ ಬರೆದುಕೊಂಡು ಹೋಗಿದ್ದೆ. ಓದಿ ಮುಗಿಸಿದಾಗ ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದೆ ಕೂತಿದ್ದ ಅಜ್ಜಿಯೊಬ್ಬರು, ‘ಎಲ್ಲಾ ಸರಿ ಕಣವ್ವ. ಮಂಜೂರಾಗಿದೆ ಮಂಜೂರಾಗಿದೆ ಅಂತ ಹನ್ನೊಂದು ಸಲ ಅಂದೆ. ನಮ್ಮ ಬೀದಿ ನಲ್ಲೀಲಿ ನೀರು ಯಾವತ್ತು ಬತ್ತದೆ, ಅದ್ನ ಹೇಳು’ ಅಂದರು. ಎಣಿಸಿಕೊಂಡು ಕೂತಿದ್ದರು! ಎರಡು ಪುಟದಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಣಸೀಮೆ. 2020ರ ಡಿಸೆಂಬರಿನಲ್ಲಿ ನಡೆದ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವಳು ನಾನು. ಅವಧಿ ಮುಗಿಸಿ ಈಗ ಹಸು, ಮನೆ ಅಂತ ಇದ್ದೇನೆ. ಮುಂದೆ ಗೆದ್ದು ಬರುವವರು ಕೇಳಿದರೆ ಹೇಳಲು ನನ್ನ ಬಳಿ ದೊಡ್ಡ ವಿಷಯಗಳೇನೂ ಇಲ್ಲ. ಊರಿನ ಮುಂದೆ ನಿಂತು ‘ಇದಾಗಿದೆ, ಇದಾಗಿಲ್ಲ, ಇದು ಇಂಥವರ ಮೇಜಿನ ಮೇಲಿದೆ’ ಅಂತ ಹೇಳುವ ಕ್ರಮ ಮಾತ್ರ ಗೊತ್ತು. ಅದನ್ನೇ ಬರೆಯುತ್ತಿದ್ದೇನೆ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ನಮ್ಮಲ್ಲಿ ಸರಿಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ಅಂದರೆ ನೂರು ಮನೆಯೂ ಇರುವುದಿಲ್ಲ. ಯಾರ ಮನೆಯ ಎಮ್ಮೆ ಕರು ಹಾಕಿತು ಅನ್ನುವುದೂ ಗೊತ್ತಿರುತ್ತದೆ. ಹಾಗಾಗಿ ಭಾಷಣದ ಅಗತ್ಯವೇ ಇಲ್ಲ. ಕಾಯ್ದೆಯಲ್ಲಿ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಅಂತ ಮೂರು ಮೆಟ್ಟಿಲಿವೆ. ಗ್ರಾಮಸಭೆಯಲ್ಲಿ ಅಧಿಕಾರಿಗಳು, ಅಧ್ಯಕ್ಷರು, ಶಾಮಿಯಾನ ಎಲ್ಲ ಇರುತ್ತದೆ. ಕೋರಂಗೇ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಗೇ, ಮತದಾರರ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ನಮ್ಮ ಬೀದಿಯ ಮಾತು ಅಲ್ಲಿ ಮುಳುಗಿಹೋಗುತ್ತದೆ. ಲೆಕ್ಕ ಒಪ್ಪಿಸಬೇಕಾದ ಜಾಗ ವಾರ್ಡ್ ಸಭೆಯೇ.

ಮೊದಲು ನಡೆಯಿರಿ, ಆಮೇಲೆ ಬರೆಯಿರಿ

ಸಭೆಗೆ ಒಂದು ವಾರ ಇರುವಾಗ ನೋಟ್‌ಬುಕ್ ಹಿಡಿದು ವಾರ್ಡನ್ನು ಎರಡು ಸಲ ಸುತ್ತಬೇಕು. ಒಂದು ಸಲ ಬೆಳಗ್ಗೆ ನೀರು ಬಿಡುವ ಹೊತ್ತಿಗೆ, ಇನ್ನೊಂದು ಸಲ ಕತ್ತಲಾದ ಮೇಲೆ. ಬೀದಿದೀಪ ಹಗಲಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಕಂಬದ ನಂಬರ್ ಬರೆದುಕೊಳ್ಳಿ. ‘ಮಾರಮ್ಮನ ಗುಡಿ ಹತ್ತಿರದ ಕಂಬ’ ಅಂದರೆ ನಾಲ್ಕು ಕಂಬ ಸಿಗುತ್ತವೆ.

ನೀರುಗಂಟಿಯ ಜೊತೆ ಒಂದು ದಿನ ಪೂರ್ತಿ ಓಡಾಡಿ. ಯಾವ ವಾಲ್ವ್ ಎಷ್ಟು ಹೊತ್ತು ತೆರೆಯುತ್ತಾರೆ, ಮೋಟರ್ ಯಾವಾಗ ನಿಂತಿತು, ಲೈನ್ ಎಲ್ಲಿ ಒಡೆದಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಕಚೇರಿಯ ಯಾವ ಕಡತಕ್ಕೂ ಗೊತ್ತಿರುವುದಿಲ್ಲ. ನಾನು ಮೊದಲ ವರ್ಷ ಅವರನ್ನು ಬಿಟ್ಟು ಕಡತ ನೋಡಿದೆ. ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಅವರ ಜೇಬಿನಲ್ಲಿತ್ತು. ನಮ್ಮ ಬೀದಿಯ ವಾಲ್ವ್ ಹಾಳಾಗಿ ಆರು ವಾರ ಆಗಿತ್ತು, ಯಾರೂ ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಪಂಚಾಯಿತಿ ಕಚೇರಿ. ಕಳೆದ ಸಭೆಗಳ ನಡಾವಳಿ, ಈ ಸಾಲಿನ ಕ್ರಿಯಾ ಯೋಜನೆ, ವಾರ್ಡಿನ ಕಾಮಗಾರಿಗಳ ಪಟ್ಟಿ, ನೀರಿನ ಪರೀಕ್ಷೆಯ ವರದಿ, ಕಂದಾಯ ಬಾಕಿ. ಇಷ್ಟನ್ನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅವರ ಬಳಿ ಬರಹದಲ್ಲಿ ಕೇಳಿ, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ನಾಳೆ ಬನ್ನಿ ಮೇಡಂ’ ಅನ್ನುವ ಮಾತಿಗೆ ಮುದ್ರೆ ಬಿದ್ದ ಕಾಗದವೇ ಮದ್ದು.

‘ಮಂಜೂರು’ ಅನ್ನುವ ಪದವನ್ನು ಒಡೆಯಿರಿ

ಇಡೀ ಲೇಖನದಲ್ಲಿ ಒಂದೇ ಪ್ಯಾರಾ ಓದುತ್ತೇನೆ ಅನ್ನುವವರು ಇದನ್ನು ಓದಿ.

ಚರಂಡಿಯೊಂದು ‘ಮಂಜೂರಾಗಿದೆ’ ಅಂದರೆ ಕೇಳುವವರು ಮುಂದಿನ ವಾರ ಜೆಸಿಬಿ ಬರುತ್ತದೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಕ್ರಿಯಾ ಯೋಜನೆಯಲ್ಲಿ ಒಂದು ಸಾಲಾಗಿ ಸೇರಿರಬಹುದು, ಅಷ್ಟೇ. ಅಥವಾ ಎಂಜಿನಿಯರ್ ಬಂದು ಅಳತೆ ಹಿಡಿದು ಅಂದಾಜು ಪಟ್ಟಿ ಮಾಡಿರಬಹುದು. ಆಡಳಿತಾತ್ಮಕ ಅನುಮೋದನೆ ಬೇರೆ, ತಾಂತ್ರಿಕ ಮಂಜೂರಾತಿ ಬೇರೆ. ಎರಡೂ ಆದ ಮೇಲೆ ಕೆಲಸದ ಆದೇಶ. ಕೆಲಸ ಮುಗಿದ ಮೇಲೆ ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ದಾಖಲು. ಆಮೇಲೆ ಬಿಲ್. ಇಷ್ಟು ಮೆಟ್ಟಿಲಲ್ಲಿ ಎಲ್ಲಿ ನಿಂತಿದ್ದರೂ ನಮ್ಮ ಬಾಯಲ್ಲಿ ಅದು ‘ಮಂಜೂರಾಗಿದೆ’. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ನಿಜ ಹೇಳಿದ ಹಾಗೂ ಆಗುವುದಿಲ್ಲ. ರಾಜಕೀಯದಲ್ಲಿ ಈ ಪದಕ್ಕೆ ಇಷ್ಟು ಬಾಳಿಕೆ ಬಂದಿರುವುದು ಅದಕ್ಕೇ ಇರಬೇಕು.

ಆದ್ದರಿಂದ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕೆಲಸದ ಹೆಸರು. ಎರಡನೆಯದರಲ್ಲಿ ಅದು ಯಾವ ಮೆಟ್ಟಿಲಲ್ಲಿ ನಿಂತಿದೆ. ಮೂರನೆಯದರಲ್ಲಿ ಯಾರ ಮೇಜಿನ ಮೇಲಿದೆ: ನನ್ನದೋ, ಪಿಡಿಒ ಅವರದೋ, ಎಂಜಿನಿಯರದೋ, ತಾಲ್ಲೂಕು ಪಂಚಾಯಿತಿಯದೋ. ಇಲ್ಲಿ ಹುದ್ದೆ ಬರೆಯಿರಿ, ಹೆಸರು ಬೇಡ, ಇಲ್ಲದಿದ್ದರೆ ಸಭೆ ಜಗಳಕ್ಕೆ ತಿರುಗುತ್ತದೆ. ನಾಲ್ಕನೆಯದರಲ್ಲಿ ನಾನು ಮತ್ತೆ ಹೋಗಿ ಕೇಳುವ ತಾರೀಖು. ಕೆಲಸ ಮುಗಿಯುವ ತಾರೀಖು ನಮ್ಮ ಕೈಯಲ್ಲಿ ಇರುವುದಿಲ್ಲ. ಹೋಗಿ ಕೇಳುವ ತಾರೀಖು ಇರುತ್ತದೆ.

ದುಡ್ಡಿನ ಮಾತು

‘ಪಂಚಾಯಿತಿಗೆ ಲಕ್ಷ ಲಕ್ಷ ಬಂದಿದೆಯಂತೆ, ನಮ್ಮ ರಸ್ತೆಗೆ ಯಾಕಿಲ್ಲ?’ ಈ ಪ್ರಶ್ನೆ ಬಾರದ ಸಭೆ ನಾನು ನೋಡಿಲ್ಲ. ನಾನು ನೂರು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತಿದ್ದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು. ಉಳಿದ 40ರಲ್ಲಿ ರಸ್ತೆಯೂ ಬರಬೇಕು, ಬೇರೆಯದೂ ಬರಬೇಕು. ಅದೂ ಎಲ್ಲ ವಾರ್ಡುಗಳಿಗೆ ಹಂಚಿಕೆಯಾಗಬೇಕು. ಐದು ಹತ್ತು ರೂಪಾಯಿ ನೋಟುಗಳನ್ನು ಮೇಜಿನ ಮೇಲೆ ಇಟ್ಟು ತೋರಿಸಿದ್ದೂ ಉಂಟು. ಆಯೋಗ ಬದಲಾದಾಗ ಈ ಪಾಲೂ ಬದಲಾಗಬಹುದು, ಆಯಾ ಸಾಲಿನ ಸುತ್ತೋಲೆ ನೋಡಿ ಹೇಳಿ.

ಕಂದಾಯ ಬಾಕಿಯನ್ನು ಒಟ್ಟು ಮೊತ್ತದಲ್ಲಿ ಹೇಳಿ. ಬಾಕಿದಾರರ ಹೆಸರು ಓದುವ ಆಸೆ ಬರುತ್ತದೆ, ಓದಬೇಡಿ. ಒಮ್ಮೆ ಓದಿದೆ. ಪಟ್ಟಿಯಲ್ಲಿ ನಮ್ಮ ಮಾವನವರ ಹೆಸರೂ ಇತ್ತು.

ನೀರಿಗೆ ಲೀಟರ್ ಲೆಕ್ಕ

ನಮ್ಮ ಕಡೆ ಎಲ್ಲ ಮಾತೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ನಮ್ಮಲ್ಲಿ ‘ಮನೆಮನೆಗೆ ಗಂಗೆ’ ಅಂತ ಹೆಸರಾದ ಜಲಜೀವನ್ ಯೋಜನೆ ಇಟ್ಟುಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. 400 ಜನಕ್ಕೆ 22,000 ಲೀಟರ್. ನಮ್ಮ ಬೋರ್‌ವೆಲ್ ನಿಮಿಷಕ್ಕೆ ನೂರು ಲೀಟರ್ ಎತ್ತುತ್ತದೆ ಅಂದುಕೊಳ್ಳಿ, ಅಷ್ಟು ನೀರಿಗೆ 220 ನಿಮಿಷ, ಅಂದರೆ ಮೂರು ಗಂಟೆ ನಲವತ್ತು ನಿಮಿಷ ಮೋಟರ್ ಓಡಬೇಕು. ತ್ರೀ ಫೇಸ್ ಕರೆಂಟು ಎರಡೇ ಗಂಟೆ ಇದ್ದರೆ ಟ್ಯಾಂಕಿಗೆ ಬೀಳುವುದು 12,000 ಲೀಟರ್. ಕೊನೆಯ ಬೀದಿಗೆ ನೀರು ಯಾಕೆ ಏರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಈ ಲೆಕ್ಕವನ್ನು ಶಾಲೆಯ ಕಪ್ಪುಹಲಗೆಯ ಮೇಲೆ ಬರೆದ ದಿನ ಒಬ್ಬರು ಎದ್ದು ನಿಂತು, ‘ಹಂಗಾದ್ರೆ ದಿನ ಬಿಟ್ಟು ದಿನ ಮೇಲಿನ ಬೀದಿ, ಕೆಳಗಿನ ಬೀದಿ ಮಾಡ್ರಿ’ ಅಂದರು. ಅದುವರೆಗೆ ನಾನೇ ಆ ಮಾತು ಎತ್ತಿದ್ದರೆ ಹೊಡೆದಾಟ ಆಗುತ್ತಿತ್ತು. ಅವತ್ತು ಕೈಯೆತ್ತಿ ಒಪ್ಪಿದರು.

ನೀರಿನ ಪರೀಕ್ಷೆಯ ವರದಿಯನ್ನೂ ಓದಿ. ನಮ್ಮ ಸೀಮೆಯಲ್ಲಿ ಫ್ಲೋರೈಡ್ ಮಾತು ಹಳೆಯದು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಒಂದೂವರೆವರೆಗೆ ಒಪ್ಪಬಹುದು ಅನ್ನುತ್ತದೆ ಮಾನದಂಡ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಎಂದಿನಿಂದ ನಿಂತಿದೆ ಅನ್ನುವ ತಾರೀಖು ಸಮೇತ ಹಾಳೆಗೆ ಸೇರಿಸಿ. ಘಟಕದ ಬಾಗಿಲಿಗೆ ಬೀಗ ಹಾಕಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅದನ್ನು ಬಿಟ್ಟು ಓದಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಎಲ್ಲಿ, ಯಾವಾಗ

ಸಂಜೆ ಹಾಲು ಹಾಕಿ ಬಂದ ಮೇಲೆ, ಒಲೆ ಹಚ್ಚುವ ಮೊದಲು. ನಮ್ಮೂರಲ್ಲಿ ಹೆಂಗಸರಿಗೆ ಸಿಗುವ ಬಿಡುವು ಅದೊಂದೇ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕಟ್ಟೆಯ ಮೇಲೆ ಇಸ್ಪೀಟು ಆಡುವವರು ಮಾತ್ರ ಬರುತ್ತಾರೆ.

ಗುಡಿಯ ಮುಂದೆ ಸಭೆ ಬೇಡ. ಗುಡಿಯ ಜಗಲಿ ಹತ್ತದವರು, ಹತ್ತಗೊಡದವರು ಇನ್ನೂ ಇದ್ದಾರೆ. ಅಂಥ ಜಾಗದಲ್ಲಿ ಕರೆದರೆ ಕಾಲೊನಿಯವರು ರಸ್ತೆಯಾಚೆ ನಿಂತೇ ಕೇಳಿಸಿಕೊಂಡು ಹೋಗುತ್ತಾರೆ. ಶಾಲೆಯ ಅಂಗಳ ಒಳ್ಳೆಯದು. ಇನ್ನೂ ಒಳ್ಳೆಯದು ಒಂದು ಸಲ ಶಾಲೆ, ಒಂದು ಸಲ ಕಾಲೊನಿಯ ಸಮುದಾಯ ಭವನ. ಡಂಗುರ ಹಿಂದಿನ ದಿನವೂ ಸಾರಿಸಿ, ಅವತ್ತೂ ಸಾರಿಸಿ. ವಾಟ್ಸ್ಯಾಪಿನಲ್ಲಿ ಹಾಕಿದ್ದೇನೆ ಅಂದರೆ ಅರ್ಧ ಊರಿಗೆ ಹೇಳಿದ ಹಾಗೆ.

ವಾರ್ಡಿನಲ್ಲಿ ಇಬ್ಬರು ಮೂವರು ಸದಸ್ಯರಿದ್ದರೆ ಹಿಂದಿನ ರಾತ್ರಿಯೇ ಕೂತು ಹಾಳೆಯನ್ನು ಒಂದು ಮಾಡಿಕೊಳ್ಳಿ. ಪಕ್ಷ ಬೇರೆಯಾದರೂ ಚರಂಡಿ ಒಂದೇ.

ನಿಂತು ಹೇಳುವಾಗ

ಆಗದೇ ಇರುವುದರಿಂದ ಶುರು ಮಾಡಿ. ಜನ ಅದನ್ನು ಕೇಳಲೆಂದೇ ಬಂದಿರುತ್ತಾರೆ. ಆಗಿರುವುದನ್ನು ಮೊದಲು ಹೇಳಿದರೆ ‘ಹೊಗಳಿಕೊಳ್ಳೋದು ಯಾವಾಗ ಮುಗಿಯುತ್ತೆ’ ಅಂತ ಕಾಯುತ್ತಾರೆ. ಆಗದ್ದನ್ನು ಹೇಳಿ, ಯಾಕೆ ಅಂತ ಹೇಳಿ, ಎಲ್ಲಿ ನನ್ನದೇ ತಪ್ಪು ಅನ್ನುವುದನ್ನೂ ಹೇಳಿ. ಆಗಿರುವುದನ್ನು ಐದು ನಿಮಿಷದಲ್ಲಿ ಮುಗಿಸಿ. ಆಗಿದ್ದರೆ ಅವರೇ ನೋಡಿರುತ್ತಾರೆ.

ನಮ್ಮ ಕೈಯಲ್ಲಿಲ್ಲದ್ದನ್ನು ಬೇರೆ ಇಡಿ. ಬೀದಿದೀಪದ ಬಲ್ಬು ಪಂಚಾಯಿತಿಯದು, ಕಂಬ ಮತ್ತು ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಬೆಸ್ಕಾಂನದು. ಟಿ.ಸಿ. ಸುಟ್ಟರೆ 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಬೇಕು. ವೃದ್ಧಾಪ್ಯ ವೇತನ ನಾಡಕಚೇರಿಯದು. ಪಡಿತರ ಆಹಾರ ಇಲಾಖೆಯದು. ಇಷ್ಟು ಹೇಳಿ ಕೈತೊಳೆದುಕೊಂಡರೆ ಮಾತ್ರ ಜನ ಸಿಟ್ಟಾಗುತ್ತಾರೆ. ಅರ್ಜಿ ಎಲ್ಲಿ ಕೊಡಬೇಕು, ಯಾವ ಕಾಗದ ಬೇಕು ಅನ್ನುವುದನ್ನಾದರೂ ತಿಳಿದುಕೊಂಡು ಹೋಗಿ. ಇ-ಸ್ವತ್ತು, ಅಂದರೆ ಮನೆ ನಿವೇಶನದ ಆನ್‌ಲೈನ್ ದಾಖಲೆಯ ವಿಷಯ ಬಂದರೆ ನಮೂನೆ 9, 11 ಅಂತ ಅಲ್ಲೇ ಬಿಡಿಸಲು ಹೋಗಬೇಡಿ, ಒಬ್ಬೊಬ್ಬರ ಕಾಗದ ಒಂದೊಂದು ಥರ. ಹೆಸರು ಬರೆದುಕೊಂಡು ಕಚೇರಿಯಲ್ಲಿ ಒಂದು ದಿನ ಗೊತ್ತು ಮಾಡಿ.

ಮನೆಗಳ ಪಟ್ಟಿ ಬೆಂಕಿಯಿದ್ದ ಹಾಗೆ. ಫಲಾನುಭವಿಗಳ ಹೆಸರನ್ನು ಜೋರಾಗಿ, ಒಂದೊಂದಾಗಿ ಓದಿ. ಯಾಕೆ ಆಯ್ಕೆ ಅನ್ನುವುದನ್ನು ಅವರ ಮುಂದೆಯೇ ಹೇಳಿ: ಮನೆಯಿಲ್ಲ, ವಿಧವೆ, ಗುಡಿಸಲು. ಆಕ್ಷೇಪ ಇದ್ದರೆ ಅಲ್ಲೇ ಬರಲಿ. ಮುಚ್ಚಿಟ್ಟು ಕಳಿಸಿದ ಪಟ್ಟಿಗೆ ಮಧ್ಯರಾತ್ರಿ ಬಾಗಿಲು ಬಡಿಯುತ್ತಾರೆ. ಕಂತು ಬಂದಿಲ್ಲ ಅನ್ನುವವರಿಗೆ ತಳಪಾಯ, ಗೋಡೆ, ಛಾವಣಿ, ಪೂರ್ಣ ಅನ್ನುವ ನಾಲ್ಕು ಹಂತದಲ್ಲಿ ಅವರ ಯಾವ ಹಂತದ ಫೋಟೊ ಹತ್ತಿಲ್ಲ ಅನ್ನುವುದನ್ನು ಮೊದಲೇ ನೋಡಿಕೊಂಡು ಬನ್ನಿ.

ಮೂಲೆಯಲ್ಲಿ ಕೂತವರನ್ನು ಹೆಸರು ಹಿಡಿದು ಕೇಳಿ. ‘ಏನಾದ್ರೂ ಹೇಳೋದಿದ್ಯಾ?’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಲಕ್ಷ್ಮಕ್ಕ, ನಿಮ್ಮ ಮನೆ ಮುಂದೆ ನೀರು ನಿಲ್ಲೋದು ಹೋಯ್ತಾ?’ ಅಂದರೆ ಹೇಳುತ್ತಾರೆ.

ಎದ್ದು ಹೋಗುವ ಮೊದಲು

ನಡಾವಳಿಯನ್ನು ಅಲ್ಲೇ ಬರೆಸಿ, ಅಲ್ಲೇ ಓದಿಸಿ, ಅಲ್ಲೇ ಸಹಿ ಹಾಕಿಸಿ. ಮನೆಗೆ ಹೋಗಿ ಬರೆದ ನಡಾವಳಿಯಲ್ಲಿ ಯಾರೂ ಕೇಳದ ಸಿಸಿ ರಸ್ತೆ ಹುಟ್ಟಿಕೊಳ್ಳುತ್ತದೆ. ಬೇಡಿಕೆ ಬೇರೆ, ದೂರು ಬೇರೆ ಪಟ್ಟಿ ಮಾಡಿ. ಬೇಡಿಕೆ ಗ್ರಾಮಸಭೆಗೆ, ಅಲ್ಲಿಂದ ಕ್ರಿಯಾ ಯೋಜನೆಗೆ ಹೋಗುತ್ತದೆ. ದೂರು ನಾಳೆ ಬೆಳಗ್ಗೆಯೇ ಪಿಡಿಒ ಅವರ ಮೇಜಿಗೆ ಹೋಗಬೇಕು. ಎರಡನ್ನೂ ಬೆರೆಸಿದರೆ ಒಡೆದ ಪೈಪು ಮುಂದಿನ ವರ್ಷದ ಯೋಜನೆಗೆ ಕಾಯುತ್ತಾ ಕೂರುತ್ತದೆ.

ಪೇಟೆಯಲ್ಲಿರುವ ನನ್ನ ತಂಗಿ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಬೆಂಗಳೂರಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದು, ಐದು ವರ್ಷ ಕಳೆದರೂ ಅವಳ ವಾರ್ಡಿಗೆ ಲೆಕ್ಕ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ‘ನಿಮ್ಮಲ್ಲಿ ಬೈಯೋಕಾದ್ರೂ ಜನ ಸಿಗ್ತಾರಲ್ಲೇ ಅಕ್ಕ’ ಅನ್ನುತ್ತಿದ್ದಳು.

ಕೊನೆಯ ಕೆಲಸ, ನಾಲ್ಕು ಕಾಲಮಿನ ಹಾಳೆಯನ್ನು ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸುವುದು. ಓದು ಬಾರದವರಿಗೆ ಅದನ್ನೇ ಓದಿ ಧ್ವನಿ ಸಂದೇಶ ಕಳಿಸಿ. ಬರೆದ ತಾರೀಖಿಗೆ ಕಚೇರಿಗೆ ಹೋಗಿ ಬಂದ ದಿನವೇ ಹಾಳೆಯ ಮೇಲೆ ಏನಾಯಿತು ಅಂತ ಬರೆಯಿರಿ. ಕೆಲಸ ಆಗದೆ ಮುಂದಕ್ಕೆ ಹೋಗಿದ್ದರೆ ಹಳೆಯ ತಾರೀಖಿನ ಮೇಲೆ ಬಿಳಿ ಬಣ್ಣ ಬಳಿಯಬೇಡಿ, ಹೊಸ ಹಾಳೆಯನ್ನೂ ಅಂಟಿಸಬೇಡಿ. ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ತಾರೀಖು ಬರೆಯಿರಿ. ನಮ್ಮ ಡೇರಿ ಗೋಡೆಯ ಹಾಳೆಯಲ್ಲಿ ಕೆಳಗಿನ ಬೀದಿ ಚರಂಡಿಯ ಸಾಲಿಗೆ ಏಳು ಕೆಂಪು ಗೆರೆ ಬಿದ್ದವು. ಎಂಟನೆಯ ತಾರೀಖಿಗೆ ಕೆಲಸ ಶುರುವಾಯಿತು. ಗೆರೆಗಳನ್ನು ಎಣಿಸಿ ಹೇಳಿದ್ದೂ ಅದೇ ಅಜ್ಜಿ.