ಸಮುದಾಯದ ಡ್ರೈವರ್ ಸಂಗ್ರಹ: ಪರಿಷ್ಕರಿಸುವ ಮತ್ತು ಹಂಚುವ ಕ್ರಮ

ವಿಂಡೋಸ್ ಹೊಸದಾಗಿ ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ವೈಫೈ ಕೆಲಸ ಮಾಡುವುದಿಲ್ಲ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇಳಿಸಿಕೊಳ್ಳೋಣವೆಂದರೆ ಇಂಟರ್ನೆಟ್ಟೇ ಇರುವುದಿಲ್ಲ. ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಎಂಬ ತಂತ್ರಾಂಶ ಬಳಸುವಂಥ ಡ್ರೈವರ್ ಪ್ಯಾಕ್‌ಗಳು, ಎಂದರೆ ಅನೇಕ ಡ್ರೈವರ್‌ಗಳ ಕಟ್ಟುಗಳು, ನೆರವಿಗೆ ಬರುವುದು ಇಂಥ ಹೊತ್ತಿನಲ್ಲಿ. ಆದರೆ ಇಡೀ ಸಂಗ್ರಹ ಹತ್ತಾರು ಜಿಬಿ ಇರುವುದರಿಂದ, ಅದನ್ನು ಪರಿಷ್ಕರಿಸುವ ಸ್ವಯಂಸೇವಕರಿಗೂ ಇಳಿಸಿಕೊಳ್ಳುವವರಿಗೂ ಪ್ರತಿ ಬಿಡುಗಡೆ ಹೊರೆಯಾಗುತ್ತದೆ. ಬದಲಾದಷ್ಟನ್ನು ಮಾತ್ರ ಕಳುಹಿಸುವಂತೆ ಸಂಗ್ರಹವನ್ನು ಕಟ್ಟಿದರೆ ಈ ಹೊರೆಯ ಬಹುಪಾಲು ಇಳಿಯುತ್ತದೆ.

ಮೊದಲು ಕಟ್ಟುವ ರೀತಿಯನ್ನು ಬದಲಿಸಿ. ಧ್ವನಿ, ಗ್ರಾಫಿಕ್ಸ್, ವೈಫೈ ಎಂದು ವರ್ಗಕ್ಕೊಂದು ದೊಡ್ಡ ಸೆವೆನ್‌ಝಿಪ್ ಕಡತ ಮಾಡುವುದು ರೂಢಿ. ಅದರ ಸಾಲಿಡ್ ವಿಧಾನ ಒಳಗಿನ ಕಡತಗಳನ್ನೆಲ್ಲ ಒಂದೇ ಹರಿವಿನಂತೆ ಸಂಕುಚಿಸುವುದರಿಂದ, ನಡುವಿನ ಎರಡು ಎಂಬಿಯ ಒಂದು ಡ್ರೈವರ್ ಬದಲಾದರೂ ಅದರ ಮುಂದಿನದ್ದೆಲ್ಲ ಬೇರೆಯಾಗುತ್ತದೆ. ಬಳಕೆದಾರರೇ ಕಡತಗಳನ್ನು ತುಣುಕು ತುಣುಕಾಗಿ ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ವ್ಯವಸ್ಥೆ ಪ್ರತಿ ತುಣುಕಿನ ಹ್ಯಾಶ್ (ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತು) ನೋಡಿ ಹಳೆಯದು ಯಾವುದು, ಹೊಸದು ಯಾವುದು ಎಂದು ತೀರ್ಮಾನಿಸುವುದರಿಂದ, ಬಳಕೆದಾರರು ಪ್ಯಾಕ್‌ನ ಬಹುಭಾಗವನ್ನು ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಇದರ ಬದಲು ತಯಾರಕರ ಒಂದು ಬಿಡುಗಡೆಗೆ ಒಂದು ಕಡತ ಮಾಡಿ, ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಸೇರಿಸಿ, ಒಮ್ಮೆ ಹಂಚಿದ ಕಡತವನ್ನು ಎಂದೂ ತಿದ್ದಬೇಡಿ. ಒಟ್ಟು ಗಾತ್ರ ಸ್ವಲ್ಪ ಹೆಚ್ಚುತ್ತದೆ, ನಿಜ. ಆದರೆ ಆ ವೆಚ್ಚ ಒಂದೇ ಸಲದ್ದು, ಉಳಿತಾಯವಾದರೋ ಪ್ರತಿ ಬಿಡುಗಡೆಯದ್ದು.

ಟೊರೆಂಟ್ ಹಂಚಿಕೆಯ ನಿಯಮಾವಳಿಯಾದ ಬಿಟ್‌ಟೊರೆಂಟ್‌ನ ಎರಡನೆಯ ಆವೃತ್ತಿ ಇಂಥ ಜೋಡಣೆಗೆ ಹೇಳಿ ಮಾಡಿಸಿದಂತಿದೆ. ಮೊದಲ ಆವೃತ್ತಿಯಲ್ಲಿ ಎಲ್ಲ ಕಡತಗಳೂ ಸಾಲಾಗಿ ಅಂಟಿಕೊಂಡಿರುವುದರಿಂದ ಒಂದರ ಗಾತ್ರ ಬದಲಾದರೆ ಮುಂದಿನವುಗಳ ಸ್ಥಾನವೂ ಜರುಗುತ್ತದೆ; ಎರಡನೆಯದರಲ್ಲಿ ಪ್ರತಿ ಕಡತಕ್ಕೂ ತನ್ನದೇ ಹ್ಯಾಶ್ ಮರ (ತುಣುಕುಗಳ ಹ್ಯಾಶ್‌ಗಳನ್ನು ಹಂತ ಹಂತವಾಗಿ ಒಂದುಗೂಡಿಸಿದ ರಚನೆ) ಇದ್ದು, ಎರಡು ಟೊರೆಂಟ್‌ಗಳಲ್ಲಿ ಇರುವುದು ಒಂದೇ ಕಡತವೆಂಬುದು ಗೊತ್ತಾಗುತ್ತದೆ. ಹಳೆಯ ತಂತ್ರಾಂಶ ಬಳಸುವವರಿಗಾಗಿ ಎರಡೂ ಬಗೆಯ ಮಾಹಿತಿಯುಳ್ಳ ಹೈಬ್ರಿಡ್ ಟೊರೆಂಟ್ ಮಾಡಿ. ಸೀಡ್ ಮಾಡುವವರು, ಎಂದರೆ ಪೂರ್ತಿ ಕಡತವನ್ನು ಇಟ್ಟುಕೊಂಡು ಇತರರಿಗೆ ಹಂಚುವವರು, ಕಡಿಮೆಯಾದಾಗಲೂ ಹಂಚಿಕೆ ನಿಲ್ಲದಂತೆ ಸಾಮಾನ್ಯ ಸರ್ವರ್ ಒಂದನ್ನು ವೆಬ್ ಸೀಡ್ ಆಗಿ ಸೇರಿಸಿ. ಟೊರೆಂಟ್ ತಡೆದಿರುವ ಕಾಲೇಜು, ಕಚೇರಿಗಳ ಜಾಲದಲ್ಲಿರುವವರು ಅದೇ ಸರ್ವರಿನಿಂದ ನೇರವಾಗಿ ಇಳಿಸಿಕೊಳ್ಳಬಹುದು.

ಹಳೆಯದನ್ನು ತೆಗೆಯುವಾಗ ಹೆಚ್ಚಿನ ಎಚ್ಚರ ಬೇಕು. ದಿನಾಂಕ ನೋಡಿ ಅಳಿಸುವ ಸ್ಕ್ರಿಪ್ಟನ್ನು ದಯವಿಟ್ಟು ಬರೆಯಬೇಡಿ. ಇಂಟೆಲ್‌ನ ಅನೇಕ ಚಿಪ್‌ಸೆಟ್ ಐಎನ್ಎಫ್ ಕಡತಗಳಲ್ಲಿ (ಡ್ರೈವರ್ ಯಾವ ಸಾಧನಗಳಿಗೆ ಎಂದು ವಿಂಡೋಸ್‌ಗೆ ತಿಳಿಸುವ ಕಡತಗಳಲ್ಲಿ) 1968ರ ಜುಲೈ 18 ಎಂಬ ದಿನಾಂಕವಿರುತ್ತದೆ. ಅದು ಆ ಸಂಸ್ಥೆ ಹುಟ್ಟಿದ ದಿನ, ಬೇರೆ ಡ್ರೈವರ್‌ಗಳನ್ನು ಪಕ್ಕಕ್ಕೆ ತಳ್ಳದಿರಲೆಂದು ಬೇಕೆಂದೇ ಹಾಕಿದ್ದು. ವಿಂಡೋಸ್‌ನೊಂದಿಗೇ ಬರುವ ಮೈಕ್ರೋಸಾಫ್ಟ್‌ನ ಅನೇಕ ಡ್ರೈವರ್‌ಗಳಲ್ಲಿ 2006ರ ಜೂನ್ 21 ಎಂದಿರುತ್ತದೆ. ವಿಂಡೋಸ್ ಕೂಡ ಮೊದಲು ಡ್ರೈವರಿನ ಡಿಜಿಟಲ್ ಸಹಿಯನ್ನೂ, ಸಾಧನದ ಗುರುತಾದ ಹಾರ್ಡ್‌ವೇರ್ ಐಡಿಯ ಹೊಂದಿಕೆಯನ್ನೂ ನೋಡುತ್ತದೆ. ಅವು ಸಮನಾದರೆ ಮಾತ್ರ ದಿನಾಂಕ, ಆಮೇಲೆ ಆವೃತ್ತಿ. ನಾನು ನೋಡಿಕೊಳ್ಳುವ ಸಣ್ಣ ಸಂಗ್ರಹದಲ್ಲಿ ಒಮ್ಮೆ ಹೊಸ ಧ್ವನಿ ಡ್ರೈವರ್ ಬಂತೆಂದು ಹಳೆಯದನ್ನು ತೆಗೆದುಹಾಕಿದ್ದೆ. ಹೊಸದರ ಐಎನ್ಎಫ್ ಕಡತದಲ್ಲಿ ಹಳೆಯ ಲ್ಯಾಪ್‌ಟಾಪುಗಳ ಐಡಿಗಳನ್ನೇ ಕೈಬಿಟ್ಟಿದ್ದರು. ಆದ್ದರಿಂದ ಎರಡೂ ಐಎನ್ಎಫ್‌ಗಳ ಐಡಿ ಪಟ್ಟಿಗಳನ್ನು ಹೊರತೆಗೆದು, ಹಳೆಯದರ ಪ್ರತಿಯೊಂದು ಐಡಿಯೂ, ತಯಾರಕ ಮತ್ತು ಸಾಧನದ ಸಂಖ್ಯೆಯಷ್ಟೇ ಅಲ್ಲದೆ ಸಬ್‌ಸಿಸ್ಟಮ್ ಸಂಖ್ಯೆಯೂ ಸೇರಿ, ಹೊಸದರಲ್ಲಿ ಇದೆಯೆಂದು ಖಚಿತವಾದ ಮೇಲೆಯೇ ಅಳಿಸಿ. ಒಂದೇ ಧ್ವನಿ ಚಿಪ್ ಹತ್ತು ಮಾದರಿಗಳಲ್ಲಿದ್ದರೂ ಸ್ಪೀಕರ್ ಜೋಡಣೆ ಬೇರೆ ಬೇರೆ ಇರಬಹುದು, ಆ ವ್ಯತ್ಯಾಸ ತಿಳಿಯುವುದು ಈ ಕೊನೆಯ ಸಂಖ್ಯೆಯಿಂದ.

ಐಡಿ ಸೇರಿಸುವ ಆಸೆಯಿಂದ ಐಎನ್ಎಫ್ ಕಡತವನ್ನು ನೀವೇ ತಿದ್ದಲು ಹೋಗಬೇಡಿ. ಜೊತೆಗಿರುವ, ಸಹಿಯುಳ್ಳ ಕ್ಯಾಟಲಾಗ್ ಕಡತದಲ್ಲಿ ಅದರ ಹ್ಯಾಶ್ ದಾಖಲಾಗಿರುವುದರಿಂದ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ.

ಪ್ರತಿ ಕಡತದ ಮೂಲವನ್ನು ದಾಖಲಿಸಿ: ಎಲ್ಲಿಂದ ಇಳಿಸಿಕೊಂಡದ್ದು, ಎಂದು, ಮೂಲ ಇನ್‌ಸ್ಟಾಲರಿನ ಎಸ್‌ಎಚ್‌ಎ-256 ಹ್ಯಾಶ್ ಏನು, ಮರುಹಂಚಿಕೆಗೆ ಪರವಾನಗಿ ಇದೆಯೇ. ಲಿನಕ್ಸ್ ಫರ್ಮ್‌ವೇರ್ (ಸಾಧನದೊಳಗೇ ನಡೆಯುವ ತಂತ್ರಾಂಶ) ಸಂಗ್ರಹದ ವೆನ್ಸ್ (WHENCE) ಎಂಬ ಕಡತ ಇದಕ್ಕೆ ಒಳ್ಳೆಯ ಮಾದರಿ. ಯಾವ ಫರ್ಮ್‌ವೇರ್ ಯಾವ ಡ್ರೈವರ್‌ಗೆ ಸೇರಿದ್ದು, ಯಾವ ಪರವಾನಗಿಯದ್ದು ಎಂಬುದು ಅಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಮರುಹಂಚಿಕೆಗೆ ಅನುಮತಿ ಇಲ್ಲದ ಕಡೆ ಕೊಂಡಿ ಮತ್ತು ಹ್ಯಾಶ್ ಮಾತ್ರ ಕೊಡಿ. ಸರಿಯಾದ ಸಹಿಯಿದ್ದೂ ದೋಷವಿರುವ ಡ್ರೈವರ್‌ಗಳನ್ನು ದಾಳಿಕೋರರು ಬಳಸಿಕೊಳ್ಳುವುದರಿಂದ, ಮೈಕ್ರೋಸಾಫ್ಟ್‌ನ ನಿರ್ಬಂಧಿತ ಡ್ರೈವರ್‌ಗಳ ಪಟ್ಟಿಯೊಂದಿಗೆ ಪ್ರತಿ ಬಿಡುಗಡೆಯನ್ನೂ ಹೋಲಿಸಿ, ಸಿಕ್ಕಿದ್ದನ್ನು ಸಂಗ್ರಹದಿಂದ ತೆಗೆಯುವುದರ ಜೊತೆಗೆ, ಈಗಾಗಲೇ ಇಳಿಸಿಕೊಂಡವರಿಗೂ ತಿಳಿಯುವಂತೆ ಹಿಂತೆಗೆದವುಗಳ ಪಟ್ಟಿಯಲ್ಲಿ ನಮೂದಿಸಿ.

ನೆಟ್‌ವರ್ಕ್ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಿಡಿಸುವ ಪ್ರತ್ಯೇಕ ಗುಂಪಾಗಿಡಿ. ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದೇ. ಬಿಡುಗಡೆಯ ದಿನ ಮೊದಲು ಕಡತಗಳನ್ನು ಸರ್ವರಿಗೆ ಏರಿಸಿ, ಕನಿಷ್ಠ ಇಬ್ಬರು ಪೂರ್ತಿ ಇಳಿಸಿಕೊಂಡು ಹ್ಯಾಶ್ ತಾಳೆ ನೋಡಿದ ಬಳಿಕವೇ ನಿಮ್ಮ ಡಿಜಿಟಲ್ ಸಹಿಯಿರುವ ಹೊಸ ಸೂಚಿಯನ್ನು, ಎಂದರೆ ಸಂಗ್ರಹದ ಕಡತಗಳ ಪಟ್ಟಿಯನ್ನು, ಪ್ರಕಟಿಸಿ. ಸೂಚಿ ಮುಂಚೆಯೇ ಹೋದರೆ, ಸಾವಿರಾರು ಯಂತ್ರಗಳು ಇನ್ನೂ ಎಲ್ಲಿಯೂ ಇರದ ಕಡತಗಳನ್ನು ಹುಡುಕುತ್ತಿರುತ್ತವೆ.