ಮಗುವಿಗೆ ಭೇದಿಯಾದಾಗ: ಓಆರ್‌ಎಸ್ ಕಲಸುವ, ಕುಡಿಸುವ ಸರಿಯಾದ ಕ್ರಮ

ಭೇದಿಯಿಂದ ಮಕ್ಕಳು ಸಾಯುವುದು ಬಹುಪಾಲು ಮೈಯ ನೀರು, ಲವಣ ಬರಿದಾಗಿ. ಸೋರಿಹೋದಷ್ಟನ್ನು ಬೇಗ ತುಂಬಿಕೊಟ್ಟರೆ ಹೆಚ್ಚಿನ ಮಕ್ಕಳು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಓಆರ್‌ಎಸ್ ಪುಡಿಯ ಹೆಸರು ಕೇಳದವರು ಕಡಿಮೆ. ಎಡವಟ್ಟಾಗುವುದು ಅದಕ್ಕೆ ಬೆರೆಸುವ ನೀರಿನ ಅಳತೆಯಲ್ಲಿ.

ಮೊದಲು ಪ್ಯಾಕೆಟ್ ತಿರುಗಿಸಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ರಕಾರ 1 ಲೀಟರ್ ದ್ರಾವಣಕ್ಕೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ ಬೇಕು. 1 ಲೀಟರಿನ ಪ್ಯಾಕೆಟ್ಟೂ ಸಿಗುತ್ತದೆ, 200 ಮಿಲಿಯದೂ ಸಿಗುತ್ತದೆ. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ನೋಡಿಕೊಳ್ಳದೆ ಹರಿಯಬೇಡಿ. ಲೀಟರಿನ ಪುಡಿಯನ್ನು ಒಂದೇ ಲೋಟಕ್ಕೆ ಸುರಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಸಣ್ಣ ಪ್ಯಾಕೆಟ್ಟನ್ನು ಲೀಟರ್ ನೀರಿಗೆ ಹಾಕಿದರೆ ಲವಣ ಸಾಲದೆ ಕುಡಿಸಿದ್ದು ವ್ಯರ್ಥವಾಗುತ್ತದೆ. ಒಂದು ಪ್ಯಾಕೆಟ್ಟನ್ನು ಅಂದಾಜಿನ ಮೇಲೆ ಐದು ಪಾಲು ಮಾಡುವುದೂ ಬೇಡ. ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಎಲ್ಲ ಕಡೆ ಒಂದೇ ಸಮ ಬೆರೆತಿರುವುದಿಲ್ಲ.

ಸೋಪು ಹಾಕಿ ಕೈ ತೊಳೆದುಕೊಳ್ಳಿ. ಕುದಿಸಿ ತಣಿಸಿದ ನೀರನ್ನು ಅಳತೆಯ ಗುರುತಿರುವ ಪಾತ್ರೆಯಲ್ಲಿ ಅಳೆದು, ಪ್ಯಾಕೆಟ್ಟಿನ ಪುಡಿಯನ್ನು ಪೂರ್ತಿ ಸುರಿದು, ತಳದಲ್ಲಿ ಹರಳು ಉಳಿಯದಂತೆ ಕಲಕಿ. ಪುಡಿ ಹಾಕಿದ ಮೇಲೆ ಕುದಿಸಬೇಡಿ, ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. ಹಾಲು, ಹಣ್ಣಿನ ರಸ, ಹೆಚ್ಚುವರಿ ಸಕ್ಕರೆ ಯಾವುದನ್ನೂ ಸೇರಿಸಬೇಡಿ. ಮುಚ್ಚಿಡಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ.

ಸಕ್ಕರೆ ಸೇರಿಸಬಾರದು ಎನ್ನುವುದಕ್ಕೆ ಕಾರಣವಿದೆ. ಸಣ್ಣ ಕರುಳಿನ ಗೋಡೆ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರು ಹೋಗುತ್ತದೆ. ಕಾಲರಾದಂಥ ಭೀಕರ ಭೇದಿಯಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಗ್ಲೂಕೋಸ್ ಅತಿಯಾದರೆ ಮಾತ್ರ ಅದು ಕರುಳಿನಲ್ಲೇ ಉಳಿದು, ಮೈಯ ನೀರನ್ನೇ ಹೊರಗೆಳೆದು ಭೇದಿ ಹೆಚ್ಚಿಸುತ್ತದೆ. ತಂಪು ಪಾನೀಯ, ಸಿಹಿ ಜ್ಯೂಸ್ ಓಆರ್‌ಎಸ್‌ಗೆ ಬದಲಿಯಾಗದಿರುವುದು ಇದೇ ಕಾರಣಕ್ಕೆ. 2002ರಲ್ಲಿ ಹಳೆಯ ಸೂತ್ರದ ಸಾಂದ್ರತೆಯನ್ನು ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ (ನೀರಿನಲ್ಲಿ ಕರಗಿದ ಕಣಗಳ ಅಳತೆ) ಇಳಿಸಿದಾಗಲೂ ಉಪ್ಪು, ಗ್ಲೂಕೋಸ್ ಎರಡನ್ನೂ ಕಡಿಮೆ ಮಾಡಲಾಯಿತು.

ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಅರ್ಧ ಟೀ ಚಮಚ ಉಪ್ಪು, 6 ಟೀ ಚಮಚ ಸಕ್ಕರೆ. ಚಮಚದ ಮೇಲೆ ಗುಡ್ಡೆ ನಿಲ್ಲಬಾರದು, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ. ಮೊದಲು ಉಪ್ಪು ಮಾತ್ರ ಕರಗಿಸಿ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ, ಸರಿಯಿದ್ದರೆ ಸಕ್ಕರೆ ಹಾಕಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಆದ್ದರಿಂದ ಪ್ಯಾಕೆಟ್ ಕೈಗೆ ಬರುವವರೆಗೆ ಮಾತ್ರ ಇದು.

ಕುಡಿಸುವ ಲೆಕ್ಕ ಹೀಗೆ: ಒಂದೊಂದು ಸಲ ನೀರಾಗಿ ಭೇದಿಯಾದಾಗಲೂ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿ. ಪುಟ್ಟ ಮಗುವಿಗೆ ಬಾಟಲಿ ಬೇಡ, ಲೋಟ ಮತ್ತು ಚಮಚ ಸಾಕು. ವಾಂತಿಯಾಯಿತೆಂದು ನಿಲ್ಲಿಸುವುದು ದೊಡ್ಡ ತಪ್ಪು. 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಬಾಯಾರಿದ ಮಗು ಗಟಗಟ ಕುಡಿದರೆ ವಾಂತಿ ಮಾಡಿಕೊಳ್ಳುತ್ತದೆ, ಹಾಗಾಗಿ ಕೊಡುವವರಿಗೆ ತಾಳ್ಮೆ ಬೇಕು. ಎದೆಹಾಲು, ಊಟ ಯಾವುದನ್ನೂ ತಪ್ಪಿಸಬೇಡಿ. ‘ಹೊಟ್ಟೆಗೆ ವಿಶ್ರಾಂತಿ’ ಎಂದು ಉಪವಾಸ ಕೆಡವಿದರೆ ಮಗು ಇನ್ನಷ್ಟು ಸೊರಗುತ್ತದೆ.

ಈ ಕೆಲಸಕ್ಕೆ ವೈದ್ಯರೇ ಬೇಕೆಂದಿಲ್ಲ ಎಂಬುದು 1971ರಲ್ಲೇ ಸ್ಪಷ್ಟವಾಯಿತು. ಬಾಂಗ್ಲಾದೇಶ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ತಂಡ ಉಪ್ಪು ಗ್ಲೂಕೋಸಿನ ದ್ರಾವಣ ತಯಾರಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿತು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಓಆರ್‌ಎಸ್ ಜೊತೆಗೆ ಝಿಂಕ್ ಕೊಡಿ: 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಅದಕ್ಕಿಂತ ಚಿಕ್ಕ ಮಗುವಿಗೆ 10 ಮಿಗ್ರಾಂ, 10ರಿಂದ 14 ದಿನ. ಮಾತ್ರೆಯನ್ನು ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ. ಭೇದಿ ಮೂರನೇ ದಿನಕ್ಕೆ ನಿಂತಿತೆಂದು ಬಹಳ ಮಂದಿ ಝಿಂಕನ್ನೂ ನಿಲ್ಲಿಸಿಬಿಡುತ್ತಾರೆ. ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದನ್ನು ಕಡಿಮೆ ಮಾಡುವುದು ಆ ಉಳಿದ ದಿನಗಳ ಮಾತ್ರೆಯೂ ಸೇರಿದಾಗಲೇ. ಭೇದಿ ‘ಕಟ್ಟುವ’ ಲೋಪೆರಮೈಡ್ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ. ಆಂಟಿಬಯೋಟಿಕ್ ಬೇಕಾಗುವುದು ರಕ್ತಭೇದಿ, ಕಾಲರಾದಂಥ ಕೆಲವೇ ಸಂದರ್ಭಗಳಲ್ಲಿ, ಅದನ್ನು ವೈದ್ಯರು ನಿರ್ಧರಿಸಲಿ.

ದಿನಕ್ಕೆ ಹಲವು ಸಲ ಮಗುವನ್ನು ಪರೀಕ್ಷಿಸಿ. ಹೊಕ್ಕುಳಿನ ಪಕ್ಕದ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉದ್ದಕ್ಕೆ ಹಿಡಿದೆತ್ತಿ ಬಿಡಿ. ತಕ್ಷಣ ಸಮನಾದರೆ ಸರಿ. ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ನೀರಿನ ಕೊರತೆ ತೀವ್ರವಾಗಿದೆ ಎಂದರ್ಥ. ತೀರಾ ಬಡಕಲಾದ ಮಗುವಿನಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅಂಥ ಮಗುವಿಗೆ ದ್ರಾವಣದ ಲೆಕ್ಕವೇ ಬೇರೆ, ನೇರ ಆಸ್ಪತ್ರೆಗೆ ಒಯ್ಯಿರಿ. ಕಣ್ಣು ಗುಳಿ ಬಿದ್ದರೆ, ಮಂಪರು ಕವಿದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತೇಹೋದರೆ ಕೂಡಲೇ ಹೊರಡಿ. ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ದಾರಿಯಲ್ಲೂ ಗುಟುಕು ಗುಟುಕಾಗಿ ಕೊಡುತ್ತಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ದ್ರಾವಣ ಶ್ವಾಸಕೋಶಕ್ಕೆ ಇಳಿಯುತ್ತದೆ.